ಜಾಥಾ ಮುಗಿದ ಮೇಲೆ ಏನು? ಊರಿನ ಮಕ್ಕಳನ್ನು ಮಾದಕ ವಸ್ತುಗಳಿಂದ ದೂರವಿಡುವ ಕೆಲಸಕ್ಕೆ ಹಂತ ಹಂತದ ಮಾರ್ಗದರ್ಶಿ

ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ಕೊಡಗಿನ ಯಾವ ಪಟ್ಟಣದಲ್ಲಿ ನಿಂತರೂ ಒಂದು ಜಾಥಾ ಎದುರಾಗುತ್ತದೆ. ಕೊಡೆ ಹಿಡಿದ ಮಕ್ಕಳು, ಮಳೆಗೆ ತೊಯ್ದ ಬ್ಯಾನರ್, ಪ್ರತಿಜ್ಞಾ ವಿಧಿ, ಕೊನೆಗೆ ಬಿಸ್ಕತ್ತು, ಚಹಾ. ಜುಲೈ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಊರಿನಲ್ಲಿಯೂ ಮೂರು ವರ್ಷ ಹೀಗೆಯೇ ನಡೆಯಿತು. ಮೂರನೆಯ ವರ್ಷ ಜಾಥಾ ಮುಗಿದು ಎಲ್ಲರೂ ಚದುರಿದ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಬ್ಯಾನರ್ ಮಡಚಲು ನನ್ನ ಜೊತೆ ಉಳಿದ. ಬಟ್ಟೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಡಚುತ್ತಾ ಹತ್ತಿರ ಬಂದಾಗ ತಲೆ ಎತ್ತದೆಯೇ ಕೇಳಿದ: "ಸರ್, ಬಿಡಬೇಕೆಂದರೆ ಯಾರ ಹತ್ತಿರ ಹೋಗಬೇಕು?" ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮರುದಿನ ಅವನು ನನ್ನನ್ನು ಕಂಡರೂ ಕಾಣದಂತೆ ಹೋದ.

ಅಂದು ಗೊತ್ತಾಯಿತು, ನಾವು ಎಡವುತ್ತಿದ್ದದ್ದು ಶ್ರದ್ಧೆಯಲ್ಲಿ ಅಲ್ಲ, ಕ್ರಮದಲ್ಲಿ. ಎಲ್ಲ ಊರುಗಳಲ್ಲಿಯೂ ಮೊದಲು ಭಾಷಣ, ಆಮೇಲೆ ಸಮಿತಿ, ಏನಾದರೂ ಅನಾಹುತವಾದ ಮೇಲೆ ಸಹಾಯದ ಹುಡುಕಾಟ. ಇದನ್ನು ತಲೆಕೆಳಗು ಮಾಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ದೊಡ್ಡ ಸಾಮಗ್ರಿ ಏನೂ ಬೇಡ. ರಟ್ಟಿನ ಹೊದಿಕೆಯ ಎರಡು ಪುಸ್ತಕ (ಒಂದು ಸಭೆಯ ನಡಾವಳಿಗೆ, ಒಂದು ಲೆಕ್ಕಕ್ಕೆ), ಬೀಗವಿರುವ ಒಂದು ಪೆಟ್ಟಿಗೆ, ಪ್ರಶ್ನಾವಳಿಯ ಜೆರಾಕ್ಸ್ ಪ್ರತಿಗಳು, ವಾರಕ್ಕೊಮ್ಮೆ ಕೂರಲು ಒಂದು ಕೋಣೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಸಿಕ್ಕರೆ ಒಳ್ಳೆಯದು. ಧ್ವನಿವರ್ಧಕ, ಶಾಮಿಯಾನ, ಫ್ಲೆಕ್ಸ್ ಮೊದಲ ವರ್ಷ ಬೇಡವೇ ಬೇಡ.

## ಹಂತ 1: ಏಳರಿಂದ ಒಂಬತ್ತು ಜನರ ತಂಡ

ಸಮಿತಿ ಎಂದೊಡನೆ ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು ಎಂದು ಇಪ್ಪತ್ತೈದು ಹೆಸರು ಬರೆಯುತ್ತೇವೆ. ಅದರಲ್ಲಿ ಇಪ್ಪತ್ತು ಜನ ಎರಡನೆಯ ಸಭೆಗೆ ಬರುವುದಿಲ್ಲ. ಕೆಲಸ ಮಾಡುವ ಏಳು ಜನ ಸಾಕು.

ಆಯ್ಕೆ ಮಾಡುವಾಗ ಪ್ರತಿಷ್ಠೆಗಿಂತ ಸಂಜೆಯ ಹೊತ್ತು ಮಕ್ಕಳನ್ನು ಕಣ್ಣಾರೆ ಕಾಣುವವರು ಯಾರು ಎಂದು ನೋಡಿ. ದೈಹಿಕ ಶಿಕ್ಷಕರು, ಆಶಾ ಕಾರ್ಯಕರ್ತೆ, ಬಸ್ ನಿಲ್ದಾಣದ ಆಟೊ ಚಾಲಕ, ಔಷಧಿ ಅಂಗಡಿಯವರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಬ್ಬ ತಾಯಿ, ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿ, ಜೊತೆಗೆ ಇಪ್ಪತ್ತರ ಆಸುಪಾಸಿನ ಇಬ್ಬರು ಯುವಕ ಯುವತಿಯರು. ಸಮಾಜದವರು (ಸಮುದಾಯದ ಸಂಘಗಳವರು), ಜಮಾಅತ್‌ನವರು, ಚರ್ಚಿನವರು, ಗಿರಿಜನ ಹಾಡಿಯವರು ಎಲ್ಲರೂ ಇದು ತಮ್ಮದೂ ಹೌದು ಎಂದು ಭಾವಿಸುವಂತಿರಬೇಕು. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಮತ್ತು ಹಾಡಿಯ ಮಕ್ಕಳ ಪರವಾಗಿ ಬೇರೆಯವರು ಮಾತನಾಡುವುದಲ್ಲ, ಅವರ ಮನೆಯವರೇ ಕೂರಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ ಭಾಷೆ ಹೀಗೆ ಒಂದೇ ತರಗತಿಯಲ್ಲಿ ನಾಲ್ಕೈದು ಮನೆಮಾತು ಇರುವ ಜಿಲ್ಲೆ ನಮ್ಮದು. ತಾಯಿಯೊಬ್ಬಳ ಜೊತೆ ಅವಳ ಭಾಷೆಯಲ್ಲಿ ಮಾತನಾಡಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ಆ ಮನೆಯ ಬಾಗಿಲು ತೆರೆಯುವುದಿಲ್ಲ.

ಎಚ್ಚರಿಕೆಯ ಲಕ್ಷಣ: ಮೊದಲ ಸಭೆಯಲ್ಲಿಯೇ "ಇದೆಲ್ಲ ಹೊರಗಿನಿಂದ ಬಂದವರ ಕೆಲಸ" ಎಂಬ ಮಾತು ಎದ್ದರೆ ಅಲ್ಲಿಯೇ ನಿಲ್ಲಿಸಿ. ಕೇರಳದ ಗಡಿ, ಅಸ್ಸಾಮಿನ ಕಾರ್ಮಿಕರು, ಹೋಂಸ್ಟೇ ಅತಿಥಿಗಳು ಎಂದು ಬೆರಳು ತೋರಿಸುತ್ತಾ ಕುಳಿತ ಊರು ತನ್ನ ಮನೆಯ ಕಪಾಟನ್ನು ನೋಡುವುದೇ ಇಲ್ಲ. ಮಾತು ಒಂದು ಸಮುದಾಯದ ಮೇಲೆ ತಿರುಗಿದ ದಿನವೇ ಆ ಸಮುದಾಯದ ಮಕ್ಕಳು ನಿಮ್ಮ ಕೈ ತಪ್ಪುತ್ತಾರೆ.

## ಹಂತ 2: ಸಹಾಯದ ದಾರಿ ಮೊದಲು ಸಿದ್ಧವಾಗಲಿ

ಯಾವ ಮಗುವಿನ ಎದುರೂ ಬಾಯಿ ತೆರೆಯುವ ಮೊದಲು ಈ ಹಂತ ಮುಗಿದಿರಬೇಕು. ಒಂದು ಹಾಳೆಯಲ್ಲಿ ಇವನ್ನು ಬರೆದು ತಂಡದ ಪ್ರತಿಯೊಬ್ಬರೂ ಇಟ್ಟುಕೊಳ್ಳಿ:

1. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್, 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು.
2. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, 14446.
3. ಮಕ್ಕಳ ಸಹಾಯವಾಣಿ, 1098.
4. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯಕೀಯ ವಿಭಾಗ: ಹೊರರೋಗಿ ವಿಭಾಗದ ದಿನ, ಹೊತ್ತು, ಕೋಣೆ.
5. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮತ್ತು ಮಗುವಿನ ಜೊತೆ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿಬರಲು ಒಪ್ಪಿದ ತಂಡದ ಒಬ್ಬರು.

ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಜಿಲ್ಲೆಯ ದಕ್ಷಿಣದ ಅಂಚಿನ ಕುಟ್ಟದ ಕಡೆಯ ಹುಡುಗನೊಬ್ಬ ಆಸ್ಪತ್ರೆಗೆ ಹೋಗಿ ಬರಬೇಕಾದರೆ ಒಂದು ದಿನದ ಶಾಲೆ, ತಂದೆಯ ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಜೊತೆಗೆ ಯಾರು, ಬಸ್ಸಿನ ದುಡ್ಡು ಯಾರದು ಎಂಬುದು ತೀರ್ಮಾನವಾಗದೆ ಸಂಖ್ಯೆ ಬರೆದುಕೊಟ್ಟರೆ ಪ್ರಯೋಜನವಿಲ್ಲ.

ಪೊಲೀಸರ ಭಯದಿಂದ ಮನೆಯವರು ವಿಷಯ ಮುಚ್ಚಿಡುತ್ತಾರೆ. ಅವರಿಗೆ ಎರಡು ಸಂಗತಿ ತಿಳಿದಿರಲಿ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 64ಎ ಕಲಂ ಅವಕಾಶ ಕೊಡುತ್ತದೆ. ಎರಡನೆಯದು, 18 ವರ್ಷದೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಸಾಮಾನ್ಯ ನ್ಯಾಯಾಲಯಕ್ಕಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳುಹಿಸುವ ಮಾತು ಬಂದರೆ ಅದು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ, ಪ್ರಮಾಣಪತ್ರ ನೋಡಿ. ತಿಂಗಳುಗಟ್ಟಲೆ ಮನೆಯವರ ಭೇಟಿಗೆ ಬಿಡುವುದಿಲ್ಲ ಎನ್ನುವ ಜಾಗಕ್ಕೆ ಮಗುವನ್ನು ಬಿಡಬೇಡಿ. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯ ಜಾಹೀರಾತುಗಳನ್ನು ಹತ್ತಿರವೂ ಬಿಟ್ಟುಕೊಳ್ಳಬೇಡಿ, ಅದು ಪ್ರಾಣಕ್ಕೆ ಕುತ್ತಾಗಬಹುದು.

## ಹಂತ 3: ಊಹೆ ಬಿಡಿ, ಮಕ್ಕಳನ್ನೇ ಕೇಳಿ

ಶಾಲೆಯ ಮುಖ್ಯ ಶಿಕ್ಷಕರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿ, ಪೋಷಕರ ಒಪ್ಪಿಗೆ ಪಡೆದು ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳಿಗೆ ಹೆಸರಿಲ್ಲದ ಒಂದು ಪ್ರಶ್ನಾವಳಿ ಕೊಡಿ. ಹತ್ತು ಪ್ರಶ್ನೆ ಸಾಕು. ಕಳೆದ 30 ದಿನಗಳಲ್ಲಿ ಏನನ್ನಾದರೂ ಬಳಸಿದ್ದೀರಾ, ಮೊದಲ ಬಾರಿ ಎಲ್ಲಿ ಸಿಕ್ಕಿತು, ಯಾರ ಜೊತೆ, ಶಾಲೆ ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ, ಆಗ ಮನೆಯಲ್ಲಿ ಯಾರಿರುತ್ತಾರೆ, ಕಷ್ಟ ಬಂದರೆ ಯಾವ ಹಿರಿಯರಿಗೆ ಹೇಳುತ್ತೀರಿ.

ನಡೆಸುವ ರೀತಿಯಲ್ಲಿಯೇ ಎಲ್ಲ ಇದೆ. ಉತ್ತರ ಬರೆಯುವುದು ಬೇಡ, ಗುರುತು ಹಾಕಿದರೆ ಸಾಕು, ಕೈಬರಹ ಗುರುತಾಗಬಾರದು. ಶಿಕ್ಷಕರು ಬೆಂಚುಗಳ ನಡುವೆ ಓಡಾಡಬಾರದು. ಹಾಳೆಯನ್ನು ಮಕ್ಕಳೇ ಮಡಚಿ ಬೀಗದ ಪೆಟ್ಟಿಗೆಗೆ ಹಾಕಬೇಕು. ವಸ್ತುಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಒಂದು ಕಲ್ಪಿತ ಹೆಸರು ಸೇರಿಸಿ. ಅದನ್ನೂ ಬಳಸಿದ್ದೇನೆ ಎಂದು ಗುರುತು ಹಾಕಿದ ಹಾಳೆಗಳನ್ನು ಪಕ್ಕಕ್ಕಿಡಿ, ಅವು ತಮಾಷೆಗೆ ತುಂಬಿದವು. ಯಾವುದೇ ತರಗತಿಯಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಅದರ ಲೆಕ್ಕವನ್ನು ಪ್ರತ್ಯೇಕವಾಗಿ ಹೇಳಬೇಡಿ. ಶಾಲೆಯ ಹೆಸರಿನೊಡನೆ ಫಲಿತಾಂಶ ಪತ್ರಿಕೆಗೆ ಹೋಗಲೇಬಾರದು. ಒಮ್ಮೆ ಹೋದರೆ ಮುಂದಿನ ವರ್ಷ ಯಾವ ಶಾಲೆಯೂ ಗೇಟು ತೆಗೆಯುವುದಿಲ್ಲ.

ಜೊತೆಗೆ ತಂಡದವರು ಸಂಜೆ ನಾಲ್ಕರಿಂದ ಏಳರವರೆಗೆ ಊರು ಸುತ್ತಿ ಒಂದು ಕೈನಕ್ಷೆ ಬಿಡಿಸಿ. ಹಾಳುಬಿದ್ದ ಲೈನ್ ಮನೆ, ತೋಡಿನ ಬದಿ, ದೀಪವಿಲ್ಲದ ತಂಗುದಾಣ, ಮೈದಾನದ ಹಿಂಭಾಗ.

ನಾವು ಗಾಂಜಾ ಎಂದುಕೊಂಡು ಹೊರಟಿದ್ದೆವು. ಪೆಟ್ಟಿಗೆ ತೆರೆದಾಗ ಎದ್ದು ಕಂಡದ್ದು ಬೇರೆ: ತುಟಿಯ ಒಳಗೆ ಇಟ್ಟುಕೊಳ್ಳುವ ತಂಬಾಕಿನ ಸಣ್ಣ ಪೊಟ್ಟಣ, ಮನೆಯ ಸಮಾರಂಭಗಳಲ್ಲಿ ಸಿಕ್ಕ ಮದ್ಯ, ಮತ್ತು ಬಸ್ಸಿಗೆ ಕಾಯುವ ಒಂದೂವರೆ ಗಂಟೆ. ಶಾಲೆ ಬಿಡುವುದು 4:10ಕ್ಕೆ, ಒಳಗಿನ ಊರುಗಳಿಗೆ ಹೋಗುವ ಬಸ್ಸು 5:45ಕ್ಕೆ. ತಂಗುದಾಣದ ಹಿಂದೆ ಹೆಂಚು ಜಾರಿದ ಒಂದು ಲೈನ್ ಮನೆ. ಅದರ ನೆಲದ ಮೇಲೆ ಖಾಲಿ ಪೊಟ್ಟಣಗಳು, ಪಂಕ್ಚರ್ ಅಂಟಿನ ಹಿಂಡಿದ ಎರಡು ಟ್ಯೂಬ್, ಯಾರೋ ಬಿಟ್ಟುಹೋದ ಗಣಿತದ ನೋಟ್‌ಬುಕ್ಕಿನ ಹಾಳೆಗಳು. ಆ ಹಾಳೆಗಳನ್ನು ಕಂಡಾಗ ಆದ ಸಂಕಟವನ್ನು ಯಾವ ಭಾಷಣದಲ್ಲಿಯೂ ಹೇಳಲಾರೆ.

ನಶೆಗಾಗಿ ಮೂಸುವ ಅಂಟು, ವೈಟ್‌ನರ್‌ಗಳನ್ನು ಹಗುರವಾಗಿ ಕಾಣಬೇಡಿ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚಿರುವುದು ಮೂಸುವ ವಸ್ತುಗಳದ್ದು ಮಾತ್ರ: 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58.

## ಹಂತ 4: ಎರಡೇ ಎರಡು ಗುರಿ

ಹತ್ತು ಸಮಸ್ಯೆ ಕಾಣುತ್ತವೆ. ಎರಡನ್ನು ಮಾತ್ರ ಹಿಡಿಯಿರಿ, ಉಳಿದವನ್ನು ಪುಸ್ತಕದಲ್ಲಿ ಬರೆದಿಡಿ. ಗುರಿ ಅಳೆಯಲು ಬರುವಂತಿರಲಿ. "ಮಾದಕಮುಕ್ತ ಊರು" ಎಂಬುದು ಘೋಷಣೆ. "ಬಸ್ಸಿಗೆ ಕಾಯುವ ಎಲ್ಲ ಮಕ್ಕಳಿಗೂ ನವೆಂಬರ್ ಒಳಗೆ ಒಬ್ಬ ಹಿರಿಯರಿರುವ ಜಾಗ" ಎಂಬುದು ಗುರಿ.

## ಹಂತ 5: ನಮ್ಮ ಹವೆಗೆ, ನಮ್ಮ ಬೆಳೆಗೆ ತಕ್ಕ ವೇಳಾಪಟ್ಟಿ

ಬಯಲುಸೀಮೆಯ ಜಿಲ್ಲೆಗಳ ಕಾರ್ಯಕ್ರಮಪಟ್ಟಿ ಕೊಡಗಿನಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ರಜೆ, ರಸ್ತೆಗೆ ಬಿದ್ದ ಮರ. ಹೊರಾಂಗಣದ ಯಾವುದನ್ನೂ ಆಗ ಇಟ್ಟುಕೊಳ್ಳಬೇಡಿ. ಸಮೀಕ್ಷೆ, ತಂಡದ ತರಬೇತಿ ಆ ತಿಂಗಳುಗಳಿಗೆ ಸರಿ. ತರಗತಿಯ ಪಾಠಗಳು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಕೈಲ್ ಮುಹೂರ್ತ, ದಸರಾ, ಕಾವೇರಿ ಸಂಕ್ರಮಣ, ಹುತ್ತರಿ ಹಬ್ಬಗಳ ವಾರಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ತೋಟದ ಮಾಲೀಕರಿಗೂ ಕಾರ್ಮಿಕರಿಗೂ ಪುರುಸೊತ್ತಿಲ್ಲ, ಪೋಷಕರ ಸಭೆ ಕರೆದರೆ ಖಾಲಿ ಕುರ್ಚಿ. ಇನ್ನೊಂದು ಸೂಕ್ಷ್ಮವಿದೆ: ಈ ತಿಂಗಳುಗಳಲ್ಲಿ ದೊಡ್ಡ ಹುಡುಗರು ರಜಾದಿನ ಕಾಫಿ ಕುಯ್ದು ಕೈಯಲ್ಲಿ ಸ್ವಂತ ದುಡ್ಡು ಹಿಡಿಯುತ್ತಾರೆ, ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ನಿಗಾ ಹೆಚ್ಚಬೇಕಾದ ಕಾಲವೇ ಎಲ್ಲರೂ ಕೆಲಸದಲ್ಲಿ ಮುಳುಗಿರುವ ಕಾಲ. ಆದ್ದರಿಂದ ಕುಯ್ಲಿಗೆ ಮೊದಲೇ, ನವೆಂಬರ್‌ನಲ್ಲಿಯೇ, ಸಂಜೆಯ ಪಾಳಿ ಯಾರದು ಎಂದು ಬರೆದಿಡಬೇಕು.

## ಹಂತ 6: ತರಗತಿಯಲ್ಲಿ ಹೆದರಿಸುವುದಲ್ಲ, ಅಭ್ಯಾಸ ಮಾಡಿಸುವುದು

ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ತಡೆಗಟ್ಟುವಿಕೆಯ ಮಾನದಂಡಗಳಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಭಯ ಹುಟ್ಟಿಸುವುದು, ಒಂದೇ ಬಾರಿಯ ಉಪನ್ಯಾಸ, ಹಿಂದೆ ವ್ಯಸನಿಯಾಗಿದ್ದವರನ್ನು ವೇದಿಕೆಗೆ ತಂದು ಕಥೆ ಹೇಳಿಸುವುದು ಇವು ಫಲ ಕೊಡುವುದಿಲ್ಲ. ನಾವು ಮಾಡುತ್ತಿದ್ದುದು ಈ ಮೂರನ್ನೇ. ಫಲ ಕೊಡುವುದು ವಾರಕ್ಕೊಂದರಂತೆ ಹತ್ತರಿಂದ ಹದಿನೈದು ತರಗತಿ, ಮಕ್ಕಳೇ ಮಾತನಾಡುವ, ಆಡಿ ತೋರಿಸುವ ತರಗತಿ, ತರಬೇತಿ ಪಡೆದವರು ನಡೆಸುವ ತರಗತಿ.

ಒಂದು ತರಗತಿ ಹೀಗೆ ನಡೆಯುತ್ತದೆ. ನಾಲ್ವರು ಮಕ್ಕಳು ಬಸ್ ನಿಲ್ದಾಣದ ದೃಶ್ಯ ಆಡುತ್ತಾರೆ. ಒಬ್ಬ ಪೊಟ್ಟಣ ಚಾಚುತ್ತಾನೆ, "ಒಂದು ಸಲ ನೋಡು." ಎದುರಿನವಳು ಬೇಡ ಎನ್ನಬೇಕು, ಆದರೆ ಗೆಳೆತನ ಉಳಿಯಬೇಕು. ಮೊದಲ ಬಾರಿ ಎಲ್ಲರೂ ನಕ್ಕುಬಿಡುತ್ತಾರೆ. ಎರಡನೆಯ ಬಾರಿ ತಡವರಿಸುತ್ತಾರೆ. ನಾಲ್ಕನೆಯ ಬಾರಿಗೆ ಅವರದೇ ಮಾತು ಹುಟ್ಟುತ್ತದೆ. ನಮ್ಮಲ್ಲಿ ಒಬ್ಬಳು ಕಂಡುಕೊಂಡ ಉತ್ತರ: "ನನಗೆ ನಾಳೆ ಓಟ ಇದೆ, ನೀನು ನನ್ನ ಚೀಲ ಹಿಡಿದುಕೊ." ಬೇಡ ಎಂದಳು, ಕೈಗೆ ಕೆಲಸವನ್ನೂ ಕೊಟ್ಟಳು. ಯಾವ ದೊಡ್ಡವರಿಗೂ ಈ ಮಾತು ಹೊಳೆದಿರಲಿಲ್ಲ.

ಎಲ್ಲರೂ ಮಾಡುತ್ತಾರೆ ಎಂಬ ನಂಬಿಕೆಯನ್ನು ಸಮೀಕ್ಷೆಯ ಅಂಕಿ ತೋರಿಸಿ ಕಳಚಿ. ಬಹುಪಾಲು ಮಕ್ಕಳು ಮುಟ್ಟಿಲ್ಲ ಎಂಬುದು ಮಕ್ಕಳಿಗೇ ಅಚ್ಚರಿ ತರುತ್ತದೆ.

ಸಾಮಾನ್ಯ ತಪ್ಪುಗಳು: ಆರನೇ ತರಗತಿಯವರಿಗೆ ಮಾತ್ರೆಗಳ ಹೆಸರು, ಬಳಸುವ ವಿಧಾನ ವಿವರಿಸುವುದು, ವಶಪಡಿಸಿಕೊಂಡ ವಸ್ತುಗಳ ಪ್ರದರ್ಶನ, ತರಗತಿಯ ಎದುರು "ನಿಮ್ಮಲ್ಲಿ ಯಾರು?" ಎಂದು ಕೇಳುವುದು. ಮೂರೂ ಕುತೂಹಲವನ್ನೋ ಅವಮಾನವನ್ನೋ ಬಿತ್ತುತ್ತವೆ.

## ಹಂತ 7: ನಾಲ್ಕರಿಂದ ಏಳು ಗಂಟೆ

ನನ್ನ ಅನುಭವದಲ್ಲಿ ಇಡೀ ಕೆಲಸದ ಅರ್ಧ ಭಾರ ಈ ಮೂರು ಗಂಟೆಗಳ ಮೇಲಿದೆ. ಬಸ್ಸಿನ ಸಮಯ ಬದಲಿಸಲು ಡಿಪೋಗೆ ಮನವಿ ಕೊಡಿ, ಆದರೆ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ನಾವು ಶಾಲೆಯ ಒಂದು ಕೋಣೆಯನ್ನು 5:30ರವರೆಗೆ ತೆರೆದಿಡಿಸಿದೆವು. ಕೇರಂ, ಪುಸ್ತಕ, ಮನೆಗೆಲಸ ಬರೆಯಲು ಬೆಂಚು, ದಿನಕ್ಕೊಬ್ಬ ಹಿರಿಯರ ಪಾಳಿ. ಕಡಲೆ, ಅವಲಕ್ಕಿ ಕೊಡತೊಡಗಿದ ಮೇಲೆ ಹುಡುಗರು ತಾವಾಗಿ ಬಂದರು. ಹಸಿವೂ ಒಂದು ಕಾರಣವೆಂದು ನಮಗೆ ಮೊದಲು ತೋಚಿರಲಿಲ್ಲ.

ಹಾಕಿಯ ನಾಡಿನಲ್ಲಿ ಆಟದ ಬಗ್ಗೆ ಹೇಳಬೇಕೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಆಟ ಚೆನ್ನಾಗಿ ಆಡುವವರಿಗೆ ಎಲ್ಲವೂ ಇದೆ. ತಂಡಕ್ಕೆ ಆಯ್ಕೆಯಾಗದೆ ಬೇಲಿಯ ಹೊರಗೆ ನಿಂತು ನೋಡುವ ಮಕ್ಕಳ ಕಡೆಗೆ ಯಾರೂ ತಿರುಗುವುದಿಲ್ಲ, ಅಪಾಯ ಹೆಚ್ಚಿರುವುದು ಅವರಿಗೇ. ಆದ್ದರಿಂದ ಆಯ್ಕೆಯಿಲ್ಲದ ಆಟ ಬೇಕು, ಬಂದವರೆಲ್ಲ ಆಡುವ ಆಟ, ಹೆಣ್ಣುಮಕ್ಕಳಿಗೂ ಅದೇ ಮೈದಾನದಲ್ಲಿ ಹೊತ್ತು. ಪಂದ್ಯಾವಳಿಯ ಸಂಜೆ ಮೈದಾನದ ಅಂಚಿನಲ್ಲಿ ಬಾಟಲಿ ತೆರೆಯುವುದಿಲ್ಲ ಎಂದು ಸಂಘಟಕರಿಂದ ಮಾತು ಪಡೆಯಿರಿ.

## ಹಂತ 8: ಮನೆಯವರೊಡನೆ

ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ಪ್ರತಿ ವರ್ಷ ಮಕ್ಕಳನ್ನು ಕೇಳುವ ಸಮೀಕ್ಷೆ, ಎಲ್ಲರಿಗೂ ಆಟ ಮತ್ತು ಕಲೆಯ ಅವಕಾಶ, ಪೋಷಕರು ಒಟ್ಟಾಗಿ ಒಪ್ಪಿಕೊಂಡ ನಿಯಮಗಳು ಅಲ್ಲಿನ ಮುಖ್ಯ ಸಾಧನಗಳು. ಒಬ್ಬ ತಾಯಿ ಮಾತ್ರ ಏಳು ಗಂಟೆಗೆ ಮನೆಗೆ ಬಾ ಎಂದರೆ ಅವಳು ಕೆಟ್ಟವಳು. ಬೀದಿಯ ಎಲ್ಲ ಮನೆಗಳೂ ಹೇಳಿದರೆ ಅದು ಊರಿನ ರೂಢಿ.

ಸಭೆಯನ್ನು ಶಾಲೆಯಲ್ಲಿ ಕರೆಯಬೇಡಿ, ಜನ ಇರುವಲ್ಲಿಗೆ ಹೋಗಿ. ಲೈನ್ ಮನೆಗಳ ಅಂಗಳದಲ್ಲಿ, ಕೆಲಸ ಬಿಟ್ಟ ಮೇಲೆ, ನಲವತ್ತು ನಿಮಿಷ.

ಮದ್ಯದ ಮಾತು ನಮ್ಮಲ್ಲಿ ನಾಜೂಕು. ಮದುವೆ, ಹಬ್ಬ, ತಿಥಿಗಳಲ್ಲಿ ಅದು ಪದ್ಧತಿಯ ಭಾಗವಾಗಿರುವ ಮನೆಗಳಿವೆ. ಪದ್ಧತಿಯ ವಿರುದ್ಧ ಸಮರಕ್ಕೆ ಹೋದ ತಂಡಗಳು ಒಂದೇ ವರ್ಷದಲ್ಲಿ ಒಂಟಿಯಾಗುತ್ತವೆ. ನಾವು ಕೇಳಿದ್ದು ಎರಡೇ: ಮಕ್ಕಳ ಕೈಯಲ್ಲಿ ಲೋಟ ಹಂಚಿಸಬೇಡಿ, "ಗಂಡಸಾಗು" ಎಂದು ಮೊದಲ ಗುಟುಕನ್ನು ನೀವೇ ಕುಡಿಸಬೇಡಿ. ಹಿರಿಯರೊಬ್ಬರು ಸಮಾಜದ ಸಭೆಯಲ್ಲಿ ಎದ್ದುನಿಂತು ಇದನ್ನು ತಮ್ಮ ಮನೆಯಿಂದಲೇ ಆರಂಭಿಸುತ್ತೇನೆ ಎಂದ ಮೇಲೆ ದಾರಿ ಸಲೀಸಾಯಿತು.

ಪೋಷಕರಿಗೆ ಹೇಳಬೇಕಾದ ಲಕ್ಷಣಗಳು: ಗೆಳೆಯರ ಗುಂಪು ದಿಢೀರನೆ ಬದಲಾಗುವುದು, ಆಟ ಬಿಡುವುದು, ನಿದ್ದೆ ಹಿಂದುಮುಂದಾಗುವುದು, ಮನೆಯ ದುಡ್ಡು ಅಥವಾ ಒಣಗಿಸಿದ ಕಾಳುಮೆಣಸು ಕಡಿಮೆಯಾಗುವುದು, ಬಟ್ಟೆಯಲ್ಲಿ ಅಂಟಿನ ವಾಸನೆ, ಕೆಂಪು ಕಣ್ಣು. ಒಂದು ಲಕ್ಷಣ ಕಂಡೊಡನೆ ತೀರ್ಪು ಬೇಡ, ಇವೆಲ್ಲ ಬೇರೆ ದುಃಖದಿಂದಲೂ ಬರುತ್ತವೆ. ಹೊಡೆಯಬೇಡಿ, ನಶೆಯಲ್ಲಿರುವಾಗ ಮಾತಿಗೆ ಕೂರಬೇಡಿ. ಮರುದಿನ ಬೆಳಿಗ್ಗೆ ಕಂಡದ್ದನ್ನಷ್ಟೇ ಹೇಳಿ, ಕೇಳಿಸಿಕೊಳ್ಳಿ.

ಇದು ತುರ್ತು: ಎಬ್ಬಿಸಿದರೂ ಏಳದಿರುವುದು, ನಿಧಾನವಾದ ಉಸಿರು, ನೀಲಿಗಟ್ಟಿದ ತುಟಿ, ಸೆಳೆತ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಮಜ್ಜಿಗೆ, ನಿಂಬೆರಸ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ, ಮಾತ್ರೆಯ ಹಾಳೆ ಸಿಕ್ಕರೆ ಜೊತೆಗೆ ಒಯ್ಯಿರಿ. ದಿನವೂ ಕುಡಿಯುತ್ತಿದ್ದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಪಾಯ. ನಡುಕ, ಸೆಳೆತ ಬರಬಹುದು, ವೈದ್ಯರ ಕೈಯಲ್ಲಿಯೇ ಆಗಬೇಕು.

## ಹಂತ 9: ಅಂಗಡಿ ಮತ್ತು ಕಾನೂನು

ಮೊದಲ ಭೇಟಿ ಸೌಜನ್ಯದ್ದಾಗಿರಲಿ. 2003ರ ತಂಬಾಕು ನಿಯಂತ್ರಣ ಕಾಯ್ದೆಯಂತೆ ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಇಷ್ಟನ್ನು ಅಚ್ಚು ಹಾಕಿಸಿ ಅಂಗಡಿಗೆ ಕೊಡಿ. ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸದವರ ವಿಷಯ ಬೀಟ್ ಪೊಲೀಸರಿಗೆ, ಮಾದಕ ವಸ್ತು ಮಾರಾಟದ ಸುಳಿವು 1933 ಅಥವಾ 112ಕ್ಕೆ.

ತಂಡದವರು ಯಾರನ್ನೂ ತಡೆದು ಚೀಲ ಹುಡುಕಬಾರದು, ವಿಡಿಯೊ ಮಾಡಬಾರದು, ಮಾರುವವರ ಹಿಂದೆ ಹೋಗಬಾರದು, ಮಕ್ಕಳನ್ನು ಗುಪ್ತಚರರನ್ನಾಗಿ ಮಾಡಲೇಬಾರದು. ಈ ಮಾತಿನಲ್ಲಿ ರಾಜಿ ಇಲ್ಲ.

## ಹಂತ 10: ಮೂರನೆಯ ವರ್ಷ ದಾಟುವುದು

ಹೆಚ್ಚಿನ ತಂಡಗಳು ಎರಡು ವರ್ಷಕ್ಕೆ ನಿಲ್ಲುತ್ತವೆ. ಕಾರಣ ದುಡ್ಡಲ್ಲ, ಒಬ್ಬರ ಹೆಗಲ ಮೇಲೆ ಎಲ್ಲ ಬಿದ್ದಿರುವುದು. ಪ್ರತಿ ವರ್ಷ ಇಬ್ಬರು ಹೊರಗೆ, ಇಬ್ಬರು ಒಳಗೆ ಎಂಬ ನಿಯಮ ಮೊದಲೇ ಬರೆದುಕೊಳ್ಳಿ. ಹೊರಹೋಗುವವರು ಒಂದು ತಿಂಗಳು ಹೊಸಬರ ಜೊತೆಗಿರಲಿ.

ಖರ್ಚು ಅವಲಕ್ಕಿ, ಜೆರಾಕ್ಸ್, ಬಸ್ಸಿನ ದುಡ್ಡು, ಒಂದೆರಡು ಚೆಂಡು. ಗ್ರಾಮ ಪಂಚಾಯಿತಿ, ಸಮಾಜಗಳು, ತೋಟಗಳು ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು. ಮದ್ಯ, ತಂಬಾಕು ವ್ಯಾಪಾರದ ಹಣ ಮುಟ್ಟಬೇಡಿ. ಲೆಕ್ಕವನ್ನು ತಿಂಗಳಿಗೊಮ್ಮೆ ಪಂಚಾಯಿತಿ ಫಲಕದಲ್ಲಿ ಹಾಕಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ಬೇಡಿಕೆ ಓದಲಿ. ತಂಗುದಾಣಕ್ಕೆ ದೀಪ ಬೇಕೆಂದು ಏಳನೇ ತರಗತಿಯ ಹುಡುಗಿ ಕೇಳಿದಾಗ ಇಲ್ಲ ಎನ್ನುವುದು ಯಾವ ಸದಸ್ಯರಿಗೂ ಸುಲಭವಲ್ಲ.

ಸೊರಗುತ್ತಿರುವ ತಂಡದ ಗುರುತುಗಳು: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹೆಚ್ಚು, ನಡಾವಳಿ ಪುಸ್ತಕದಲ್ಲಿ ಪುಟ ಖಾಲಿ, ಪಾಳಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ, ಮೂರು ತಿಂಗಳಿಂದ ಯಾವ ಮಗುವೂ ಸಹಾಯ ಕೇಳಿಲ್ಲ. ಕೊನೆಯದನ್ನು ಯಶಸ್ಸು ಎಂದು ತಿಳಿಯಬೇಡಿ. ಮಕ್ಕಳು ನಿಮ್ಮನ್ನು ನಂಬುವುದು ಬಿಟ್ಟಿರಬಹುದು.

ಪ್ರತಿ ಜೂನ್‌ನಲ್ಲಿ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಡಿ, ಪ್ರಶ್ನೆ ಬದಲಿಸಬೇಡಿ, ಬದಲಿಸಿದರೆ ಹೋಲಿಕೆ ತಪ್ಪುತ್ತದೆ. ಅದಕ್ಕೂ ಮೊದಲು, ಮೇ ಕೊನೆಯ ವಾರದಲ್ಲಿ, ಹಂತ 2ರ ಹಾಳೆ ತೆಗೆದುಕೊಂಡು ಅದರಲ್ಲಿರುವ ಪ್ರತಿ ಸಂಖ್ಯೆಗೂ ಒಮ್ಮೆ ಕರೆ ಮಾಡಿ. ಕಳೆದ ಬಾರಿ ನಾವು ಹೀಗೆ ಮಾಡಿದಾಗ ಹೊರರೋಗಿ ವಿಭಾಗದ ವೇಳೆ ಬದಲಾಗಿತ್ತು, ಜೊತೆಗೆ ಹೋಗಲು ಒಪ್ಪಿದ್ದವರು ಮಗಳ ಮನೆಗೆಂದು ಮೈಸೂರಿಗೆ ಹೋಗಿಬಿಟ್ಟಿದ್ದರು. ಹಾಳೆಯನ್ನು ಹೊಸದಾಗಿ ಬರೆದು, ಹಳೆಯದನ್ನು ಹರಿದುಹಾಕಿ, ಆಮೇಲೆಯೇ ಶಾಲೆಯ ಗೇಟಿನೊಳಗೆ ಕಾಲಿಟ್ಟೆವು.